ಹೊಟ್ಟೆಗೆ ಹಾಕಿಕೊಳ್ಳುವುದು

ತಪ್ಪಾಯಿತು ಎಂದು ಕೇಳಿಕೊಳ್ಳುವುದಕ್ಕೆ ಕನ್ನಡದಲ್ಲಿರುವ ಒಂದು ಹಳೆಯ ಮಾತನ್ನು ನಾನು ಡೆಟ್ರಾಯಿಟಿನ ಒಬ್ಬ ಮೂಲನಿವಾಸಿ ಅಜ್ಜಿಗೆ ಹೇಳಿಕೊಟ್ಟೆ. ಆ ಮಾತಿನಿಂದಾಗಿ ಅವರು ತಮ್ಮ ಮಗಳನ್ನು ಇನ್ನೇನು ಕಳೆದುಕೊಳ್ಳುವುದರಲ್ಲಿದ್ದರು. ಇದು ಕಳೆದ ವಸಂತದಲ್ಲಿ ನಡೆದದ್ದು. ಆಗಿಂದಾಗಲೇ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಆದರೆ ಈಗ ತೆಗೆದು ಓದಿದರೆ ಅಲ್ಲಿರುವುದಕ್ಕೂ ನನಗೆ ನೆನಪಿರುವುದಕ್ಕೂ ಎಲ್ಲ ಕಡೆ ತಾಳೆಯಾಗುವುದಿಲ್ಲ. ತಾಳೆಯಾಗದ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ಬರೆಯುವುದಕ್ಕೆ ಅಜ್ಜಿಯ ಒಪ್ಪಿಗೆಯಿದೆ, ಮಗಳದೂ ಇದೆ. “ಹೆಸರು ಬ್ಯಾಡ. ಸಾಲಿ ಯಾವೂರಾಗಿತ್ತು ಅನ್ನೂದೂ ಬ್ಯಾಡ. ಉಳದದ್ದು ಬರಕೋ. ನಿಮ್ಮ ಭಾಷಾದಾಗ ಓದಿ ನನ್ನ ಗುರ್ತು ಹಿಡಿಯಾವ್ರು ಯಾರದಾರ?” ಎಂದು ಅಜ್ಜಿ ನಕ್ಕರು.

ಅವರು ಇದನ್ನು ಹೇಳಿದ್ದು ಇಂಗ್ಲಿಷಿನಲ್ಲಿ ಎಂದು ಬೇರೆ ಹೇಳಬೇಕಿಲ್ಲ. ನಾನು ಬೆಳೆದದ್ದು ರಾಣೆಬೆನ್ನೂರಿನಲ್ಲಿ. ಮನೆಯೊಳಗೆ ದಖನಿ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಅಜ್ಜಿ ಮಾತಾಡಿದಾಗೆಲ್ಲ ನನ್ನ ಕಿವಿಗೆ ನಮ್ಮ ಓಣಿಯ ಮುದುಕಿಯರ ಕನ್ನಡವೇ ಕೇಳಿಸುತ್ತಿತ್ತು: ಅದೇ ನಿಧಾನ, ಅದೇ ಚುಚ್ಚು. ಹಾಗೆ ಕೇಳಿಸಿಕೊಳ್ಳುವುದರಲ್ಲಿ ಏನೋ ಅನ್ಯಾಯವಿದೆ ಎಂದು ಗೊತ್ತು. ತಮ್ಮ ಭಾಷೆಯನ್ನು ಶಾಲೆಯಲ್ಲಿ ಕಳೆದುಕೊಂಡ ಹೆಂಗಸಿನ ಬಾಯಿಗೆ ನನ್ನ ಭಾಷೆಯನ್ನು ತುರುಕುವುದು ಸಣ್ಣ ವಿಷಯವಲ್ಲ. ಬೇರೆ ದಾರಿ ಹೊಳೆಯದೆ ಹಾಗೇ ಬರೆಯುತ್ತಿದ್ದೇನೆ.

ವಾರದಲ್ಲಿ ನಾಲ್ಕು ದಿನ ನಾನು ಪ್ಲಿಮತ್‌ನ ಒಂದು ಕ್ಲಿನಿಕ್ಕಿನಲ್ಲಿ ಆಪ್ತಸಮಾಲೋಚಕಿ. ಕಾರಿನ ಬಿಡಿಭಾಗ ಮಾಡುವ ಕಂಪನಿಗಳ ಎಂಜಿನಿಯರುಗಳು, ನಿದ್ದೆಯಿಲ್ಲದವರು, ವಿಚ್ಛೇದನದ ಅಂಚಿನಲ್ಲಿರುವವರು ಬರುತ್ತಾರೆ. ಬುಧವಾರ ಮಾತ್ರ ಡೆಟ್ರಾಯಿಟಿನ ಪಶ್ಚಿಮದ ಕಡೆ, ಈ ನೆಲದ ಮೂಲನಿವಾಸಿಗಳು ನಡೆಸುವ ಸಮುದಾಯ ಕೇಂದ್ರಕ್ಕೆ ಹೋಗುತ್ತೇನೆ. ಅಲ್ಲಿ ಮಧ್ಯಾಹ್ನ ಹಿರಿಯರ ಮಾತಿನ ವೃತ್ತ ಸೇರುತ್ತದೆ. ಅದನ್ನು ನಡೆಸುವವರು ಅವರದೇ ಜನಾಂಗದ ಒಬ್ಬ ನಿವೃತ್ತ ಶಿಕ್ಷಕಿ. ಅನುದಾನ ಕೊಡುವವರ ನಿಯಮದ ಪ್ರಕಾರ ಕೋಣೆಯಲ್ಲಿ ಆಪ್ತಸಮಾಲೋಚನೆಯ ಲೈಸೆನ್ಸ್ ಇರುವ ಒಬ್ಬರು ಇರಲೇಬೇಕು. ಆ ಒಬ್ಬರು ನಾನು. ನನ್ನ ಕೆಲಸ ಅಲ್ಲಿ ಇರುವುದು, ಅಷ್ಟೆ. ಎರಡು ಪದವಿಗಳ ನಂತರ ಇದಕ್ಕೆ ಒಗ್ಗಿಕೊಳ್ಳಲು ನನಗೆ ಸ್ವಲ್ಪ ಕಾಲ ಬೇಕಾಯಿತು.

ಮೊದಲ ದಿನ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀ ಯಾವ ನಮೂನಿ ಇಂಡಿಯನ್ ಅದಿ?” ಎಂದರು. ಹೇಳಿದೆ. “ಹಂಗಾದ್ರ ಆ ಹಡಗಿನಾಂವ ಹುಡುಕಿಕೊಂಡು ಹೊಂಟಿದ್ದು ನಿನ್ನ ಮನಿನ. ವಿಳಾಸ ತಪ್ಪಿ ನಮ್ಮ ಮನಿಗೆ ಬಂದು ಕುಂತ. ಇನ್ನೂ ಎದ್ದು ಹೋಗವಲ್ಲ.” ವೃತ್ತವೆಲ್ಲ ನಕ್ಕಿತು. ಪಕ್ಕದ ಕುರ್ಚಿಯನ್ನು ಕೈಯಿಂದ ತಟ್ಟಿ ತೋರಿಸಿದರು.

ವೃತ್ತ ಶುರುವಾಗುವ ಮೊದಲು ಶಿಕ್ಷಕಿ ಒಂದು ಚಿಪ್ಪಿನಲ್ಲಿ ಒಣಗಿದ ಸೊಪ್ಪಿಟ್ಟು ಹೊತ್ತಿಸಿ ಒಬ್ಬೊಬ್ಬರ ಮುಂದೆ ಹಿಡಿಯುತ್ತಾರೆ. ಎರಡೂ ಕೈಯಿಂದ ಆ ಹೊಗೆಯನ್ನು ತಲೆಗೆ, ಕಣ್ಣಿಗೆ, ಎದೆಗೆ ಎಳೆದುಕೊಳ್ಳಬೇಕು. ಬೆಂಕಿಯ ಅಲಾರಾಂ ಕೂಗಿಕೊಳ್ಳದಿರಲೆಂದು ಚಳಿಯಲ್ಲೂ ಒಂದು ಕಿಟಕಿ ತೆರೆದಿರುತ್ತದೆ. ಮೊದಲ ಸಲ ಆ ವಾಸನೆ ಬಂದಾಗ ನನಗೆ ಗುರುವಾರದ ಸಂಜೆಗಳು ನೆನಪಾದವು. ಅಮ್ಮ ಲೋಬಾನದ ಹೊಗೆ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. “ನಮ್ಮಲ್ಲೂ ಹೀಗೇ” ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ವಾರ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದರೆ, “ನಮ್ಮ ಮನೇಲಿ ಯಾವತ್ತು ಲೋಬಾನ ಹಾಕಿದ್ರು? ಅದು ದರ್ಗಾದಲ್ಲಿ. ಅಮ್ಮಂಗೆ ಉಬ್ಬಸ ಇತ್ತಲ್ಲ, ಹೊಗೆ ಆಗ್ತಿರ್ಲಿಲ್ಲ” ಎಂದಳು. ವಾಸನೆ ನಿಜ, ಮನೆ ನಾನು ಕಟ್ಟಿದ್ದು. ಆ ಎಚ್ಚರ ನನಗೆ ಹೆಚ್ಚು ದಿನ ಉಳಿಯಲಿಲ್ಲ.

ಅಲ್ಲಿ ನಾನು ಒಯ್ದಿದ್ದ ಸಲಕರಣೆಗಳು ಒಂದೊಂದಾಗಿ ಚೀಲದಲ್ಲೇ ಉಳಿದವು. ಖಿನ್ನತೆಯನ್ನು ಅಳೆಯುವ ನಮ್ಮ ಪ್ರಶ್ನೆಗಳೆಲ್ಲ “ಕಳೆದ ಎರಡು ವಾರಗಳಲ್ಲಿ” ಎಂದು ಶುರುವಾಗುತ್ತವೆ. “ಎರಡ ವಾರ?” ಎಂದರು ಅಜ್ಜಿ. “ಇದನ್ನ ಬರದಾವ್ರಿಗೆ ಭಾಳ ಅವಸರ ಐತಿ.” ತಲೆಮಾರುಗಳಿಂದ ಇಳಿದು ಬರುವ ಚಾರಿತ್ರಿಕ ಆಘಾತದ ಬಗ್ಗೆ ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದನ್ನು ಒಮ್ಮೆ ಶಿಕ್ಷಕಿಯ ಹತ್ತಿರ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ನೀವು ಅದನ್ನ ರಕ್ತದಲ್ಲಿರೋ ಕಾಯಿಲೆ ಥರ ಹೇಳ್ತೀರ. ನಮಗೆ ಏನು ಮಾಡಿದ್ರು ಅನ್ನೋದು ಮೊದಲು. ನಮಗೇನಾಗಿದೆ ಅನ್ನೋದು ಆಮೇಲೆ. ಈ ಕ್ರಮ ತಪ್ಪಿದ್ರೆ ಮದ್ದು ತಪ್ಪಾಗುತ್ತೆ” ಎಂದರು.

ಅಜ್ಜಿಯ ಮಟ್ಟಿಗೆ ಏನು ಮಾಡಿದ್ದರು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಮಿಶಿಗನ್ನಿನ ಉತ್ತರದಲ್ಲಿ, ಸರೋವರದ ದಡದ ತಮ್ಮ ಮನೆಯಿಂದ ಅವರನ್ನು ಚಿಕ್ಕಂದಿನಲ್ಲೇ ಚರ್ಚೊಂದರ ವಸತಿ ಶಾಲೆಗೆ ಒಯ್ದಿದ್ದರು. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ, ಮಾತಿನಿಂದ ಬಿಡಿಸಿ ಬೇರೆ ಮನುಷ್ಯರನ್ನಾಗಿ ಮಾಡಲೆಂದೇ ಇದ್ದ ಶಾಲೆಗಳು ಅವು. ವೃತ್ತದಲ್ಲಿ ತಮ್ಮ ಸರದಿ ಬಂದಾಗೆಲ್ಲ ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ: “ಸಾಲಿಗೆ ಹೋದೆ. ಬಂದೆ.”

ಮಗಳು ಇಲಿನಾಯ್ ರಾಜ್ಯದ ಡೆಸ್ ಪ್ಲೇನ್ಸ್‌ನಲ್ಲಿ, ವಿಮಾನ ನಿಲ್ದಾಣದ ಸರಕು ಸಾಗಣೆಯ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು. ಐವತ್ತರ ಹತ್ತಿರದ ವಯಸ್ಸು, ಇಬ್ಬರು ಮಕ್ಕಳು. ಹದಿನೆಂಟಕ್ಕೆ ಮನೆ ಬಿಟ್ಟವಳು ತಾಯಿಯನ್ನು ತನ್ನ ಮನೆಗೆ ಒಮ್ಮೆಯೂ ಕರೆದಿರಲಿಲ್ಲ. ಆ ವಸಂತದಲ್ಲಿ ಆಕೆ ಫೋನ್ ಮಾಡಿ, ಒಂದೇ ಒಂದು ಸಲ ವೃತ್ತಕ್ಕೆ ಬರುತ್ತೇನೆ ಎಂದಳು. ನಮ್ಮನ್ನು ಬೆಳೆಸಿದ ರೀತಿಗೆ ನಿನ್ನ ಬಾಯಿಂದ ಏನಾದರೂ ಒಂದು ಮಾತು ಕೇಳಬೇಕು, ಏನೂ ಬರದಿದ್ದರೆ ಇನ್ನು ಫೋನ್ ಕೂಡ ಮಾಡುವುದಿಲ್ಲ, ಎಂದಳು.

ಇದನ್ನು ಅಜ್ಜಿ ಹೇಳಿದ್ದು ವ್ಯಾನಿನಲ್ಲಿ. ಅವತ್ತು ಕೇಂದ್ರದ ಡ್ರೈವರ್ ರಜೆಯಲ್ಲಿದ್ದುದರಿಂದ ಅವರನ್ನು ವೆಸ್ಟ್‌ಲ್ಯಾಂಡ್‌ನ ವೃದ್ಧರ ಅಪಾರ್ಟ್‌ಮೆಂಟಿಗೆ ನಾನೇ ಬಿಡಲು ಹೊರಟಿದ್ದೆ. ದಿನಚರಿಯಲ್ಲಿ ಹೀಗಿದೆ: “ನಿಮ್ಮ ಮಂದಿ ತಪ್ಪಾತು ಅನ್ನೂದನ್ನ ಹೆಂಗ ಹೇಳ್ತೀರಿ?” ಎಂದು ಅಜ್ಜಿ ಕೇಳಿದರು, ನಾನು ಉತ್ತರ ಕೊಟ್ಟೆ. ಆದರೆ ಈಗ ಆ ವ್ಯಾನಿನ ಒಳಗನ್ನು ನೆನೆಸಿಕೊಂಡರೆ ಅವರ ಪ್ರಶ್ನೆ ಕೇಳಿಸುವುದೇ ಇಲ್ಲ. ನನ್ನ ದನಿ ಮಾತ್ರ ಕೇಳಿಸುತ್ತದೆ. ಅವರು ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದರು, ಆ ಮೌನವನ್ನು ತಡೆಯಲಾಗದೆ ನಾನೇ ಶುರು ಮಾಡಿದೆ ಎಂದು ಅನುಮಾನ.

“ನಮ್ಮಲ್ಲಿ, ಹೊಟ್ಟೆಗೆ ಹಾಕ್ಕೊಳ್ಳಿ, ಅಂತೀವಿ,” ಎಂದೆ. ಅದನ್ನು ಇಂಗ್ಲಿಷಿಗೆ ಅಕ್ಷರಶಃ ತಿರುಗಿಸಿ ಹೇಳಿದೆ: ನನ್ನ ತಪ್ಪನ್ನು ನಿನ್ನ ಹೊಟ್ಟೆಯೊಳಗೆ ಹಾಕಿಕೋ. ಅಲ್ಲಿಗೆ ನಿಲ್ಲಿಸಬಹುದಿತ್ತು. ಹೊಟ್ಟೆ ಎಂದರೆ ಕೂಸನ್ನು ಹೊರುವ ಜಾಗ, ಅಲ್ಲಿ ಹೋದದ್ದು ಕರಗುತ್ತದೆ, ಕ್ಷಮೆ ನಮ್ಮಲ್ಲಿ ತಲೆಯ ಕೆಲಸವಲ್ಲ, ಮೈಯ ಕೆಲಸ, ಎಂದೆಲ್ಲ ವಿವರಿಸುತ್ತ ಹೆದ್ದಾರಿಯಿಂದ ಇಳಿಯಬೇಕಾದ ನಮ್ಮ ಎಕ್ಸಿಟ್ಟನ್ನೇ ತಪ್ಪಿಸಿಕೊಂಡೆ. ಮುಂದಿನದರಲ್ಲಿ ಇಳಿದು ತಿರುಗಿ ಬರಬೇಕಾಯಿತು.

“ಹೊಟ್ಟೆ,” ಎಂದು ಅಜ್ಜಿ ಉಚ್ಚರಿಸಿ ನೋಡಿದರು. “ಸಣ್ಣ ಮಾತೈತಿ. ಇಷ್ಟ ಆದ್ರ ನನ್ನ ಬಾಯಿಗೂ ಬಂದೀತು.”

ಆ ಶನಿವಾರ ಪ್ಲಿಮತ್‌ನಲ್ಲಿ ನಮ್ಮ ಬಡಾವಣೆಯ ಗೆಳತಿಯ ಮನೆಯಲ್ಲಿ ಪಾಟ್‌ಲಕ್, ಒಬ್ಬೊಬ್ಬರೂ ಒಂದೊಂದು ಅಡುಗೆ ತರುವ ಊಟ. ಆಕೆ ಮೈಸೂರಿನವಳು, ಮಕ್ಕಳ ಡಾಕ್ಟರು. ನಾನು ಯಾರ ವಿವರವನ್ನೂ ಹೇಳದೆ, ಕೆಲಸದ ಕಡೆ ಒಬ್ಬರಿಗೆ ನಮ್ಮ ಈ ಮಾತು ತುಂಬ ಹಿಡಿಸಿತು ಎಂದಷ್ಟೇ ಹೇಳಿದೆ. ಹೇಳುವಾಗ ಹೆಮ್ಮೆಯಿತ್ತು.

“ಎಷ್ಟು ಚೆನ್ನಾಗಿದೆ ಅಲ್ವಾ! ದಿನಾ ಅಂತೀವಿ, ಯೋಚ್ನೇನೇ ಮಾಡಿಲ್ಲ ನೋಡಿ,” ಎಂದಳು ಗೆಳತಿ.

ಊರಿಂದ ಬಂದಿದ್ದ ಅವಳ ಅತ್ತೆ ಬಿಸಿಬೇಳೆಬಾತಿಗೆ ಬೂಂದಿ ಉದುರಿಸುತ್ತಿದ್ದರು. “ಚೆನ್ನಾಗೇನೋ ಇದೆ. ಹಾಕ್ಕೊಳ್ಳೋ ಹೊಟ್ಟೆ ಯಾರ್ದು ಅಂತ ಕೇಳಿದೀರಾ? ಮದ್ವೆ ಆದಾಗಿಂದ ನಾನು ಹಾಕ್ಕೊಂಡೇ ಬಂದಿದೀನಿ. ನಿಮ್ಮ ಅಂಕಲ್ಲು ನಾಲ್ಕು ಜನದೆದುರಿಗೆ ಬೈಯೋದು, ಆಮೇಲೆ ಹೊಟ್ಟೆಗೆ ಹಾಕ್ಕೊಳೇ ಅನ್ನೋದು. ಅದಕ್ಕೇ ನಂಗೆ ಈ ಪಾಟಿ ಗ್ಯಾಸ್ಟ್ರಿಕ್ಕು.”

“ಅತ್ತೇ!” ಎಂದು ಗೆಳತಿ ನಕ್ಕಳು. ನಾವೆಲ್ಲ ನಕ್ಕೆವು. ಅಂಕಲ್ ಕೂಡ ಸೋಫಾದಿಂದ, “ಇದನ್ನೂ ಹಾಕ್ಕೊಂಬಿಡು,” ಎಂದರು. ಆ ಆಂಟಿಯ ಮಾತನ್ನು ನಾನು ದಿನಚರಿಯಲ್ಲಿ ತಮಾಷೆಯೆಂದೇ ಬರೆದಿದ್ದೇನೆ.

ಬುಧವಾರ ಮಗಳು ಬಂದಳು. ಎತ್ತರದ ಹೆಂಗಸು, ಕೈಯಲ್ಲಿ ಪೆಟ್ರೋಲ್ ಬಂಕಿನ ಕಾಫಿ. ಯಾರೋ ಪ್ರಯಾಣ ಹೇಗಾಯಿತು ಎಂದಾಗ, “ಮುನ್ನೂರು ಮೈಲಿ ಡ್ರೈವ್ ಮಾಡ್ಕೊಂಡ್ ಬಂದಿದೀನಿ, ಇವತ್ತೇ ವಾಪಸ್ ಹೋಗ್ಬೇಕು,” ಎಂದಳು. ತಾಯಿಯ ಎದುರಿನ ಕುರ್ಚಿಯಲ್ಲಿ ಕೂತಳು, ಪಕ್ಕದಲ್ಲಿ ಅಲ್ಲ. ಹೊಗೆಯ ಚಿಪ್ಪು ಮುಂದೆ ಬಂದಾಗ ತಲೆಯಲ್ಲಾಡಿಸಿ ಬೇಡವೆಂದಳು. ಶಿಕ್ಷಕಿ ಒತ್ತಾಯಿಸದೆ ಮುಂದೆ ಹೋದರು.

ವೃತ್ತದ ನಿಯಮ ಸರಳ. ಒಂದು ನುಣುಪಾದ ಕಲ್ಲು ಕೈಯಿಂದ ಕೈಗೆ ಹೋಗುತ್ತದೆ. ಕಲ್ಲು ಯಾರ ಕೈಯಲ್ಲಿದೆಯೋ ಅವರದು ಮಾತು, ಉಳಿದವರದು ಕಿವಿ. ಕಲ್ಲು ಅಜ್ಜಿಗೆ ಬಂತು. ಅದನ್ನು ಮಡಿಲಲ್ಲಿ ಒಮ್ಮೆ ತಿರುಗಿಸಿದರು.

“ನನಗ ಇಂಥಾದ್ದು ಮಾತಾಡಾಕ ಬರೂದಿಲ್ಲ. ಈಕಿ ಮಂದಿ ಹತ್ರ ಒಂದು ಮಾತು ಸಿಕ್ಕೇತಿ,” ಎಂದು ಗದ್ದದಿಂದ ನನ್ನ ಕಡೆ ತೋರಿಸಿ, ಮಗಳನ್ನು ನೋಡಿ ಇಂಗ್ಲಿಷಿನಲ್ಲೇ ಹೇಳಿದರು: “ನಾ ಮಾಡಿದ್ದನ್ನ ನಿನ್ನ ಹೊಟ್ಟಿಗೆ ಹಾಕ್ಕೊ.”

ಮಗಳು ಎದ್ದು ನಿಂತಳು. ಕಲ್ಲು ಆಕೆಯ ಕೈಯಲ್ಲಿರಲಿಲ್ಲ.

“ಏನಂದೆ? ಇನ್ನೊಂದ್ಸಲ ಹೇಳು. ಅದೇ ಮಾತು! ಇಷ್ಟು ವರ್ಷ ಆದ್ಮೇಲೆ, ಇಷ್ಟು ದೂರ ಬಂದ್ಮೇಲೆ, ಮತ್ತೆ ಅದೇ ಮಾತಾ?” ಆಮೇಲೆ ನಮ್ಮೆಲ್ಲರ ಕಡೆ ತಿರುಗಿದಳು. “ನಮ್ಮನೇಲಿ ಊಟಕ್ಕೆ ಕೂತ್ರೆ ಯಾರೂ ಉಸಿರೆತ್ತೋ ಹಾಗಿರ್ಲಿಲ್ಲ. ತಟ್ಟೇಲಿ ಒಂದು ಅಗುಳು ಬಿಡೋ ಹಾಗಿರ್ಲಿಲ್ಲ. ಬೆಳಿಗ್ಗೆ ತಿನ್ನದೇ ಬಿಟ್ಟ ಗಂಜಿ ಸಾಯಂಕಾಲ ಸ್ಕೂಲಿಂದ ಬಂದಾಗ ಅದೇ ಬಟ್ಟಲಲ್ಲಿ, ಅದೇ ಜಾಗದಲ್ಲಿ ಕಾಯ್ತಾ ಇರ್ತಿತ್ತು. ನನ್ನ ತಮ್ಮ ವಾಂತಿ ಮಾಡ್ಕೋತಿದ್ದ. ಇವಳು ನಮ್ಮ ಬೆನ್ನ ಹಿಂದೆ ನಿಂತ್ಕೊಂಡು, ಹೊಟ್ಟೆಗೆ ಹಾಕ್ಕೊ, ಹೊಟ್ಟೆಗೆ ಹಾಕ್ಕೊ, ಅಂತಿದ್ಲು. ಕೂಗ್ತಿರ್ಲಿಲ್ಲ. ಕೂಗಿದ್ರೆ ಪರವಾಗಿರ್ಲಿಲ್ಲ.”

ಆಗ ಊಟದ ಹೊತ್ತಿನಲ್ಲಿ ಅಜ್ಜಿ ಅನ್ನುತ್ತಿದ್ದದ್ದು ಇಂಗ್ಲಿಷಿನಲ್ಲಿ ಬಹುಶಃ ಸರಿಯಾಗಿ ಅದೇ ಮಾತಾಗಿರಲಿಲ್ಲ; ನುಂಗು ಎಂದೋ ಕೆಳಗಿಳಿಸು ಎಂದೋ ಇದ್ದಿರಬೇಕು. ಆದರೆ ಆಕೆಗೆ ಕೇಳಿಸಿದ್ದು ಅದೇ. ಕುರ್ಚಿಯ ಬೆನ್ನಿಗಿದ್ದ ಕೋಟನ್ನು ಎಳೆದು ತೊಟ್ಟುಕೊಂಡು ಬಾಗಿಲ ಕಡೆ ನಡೆದಳು. ಆ ಮಾತು ನಿಮ್ಮ ತಾಯಿಯದಲ್ಲ, ನನ್ನದು, ನಮ್ಮಲ್ಲಿ ಅದರ ಅರ್ಥ ಬೇರೆ, ಎಂದು ಹೇಳಲು ಎದ್ದೆ. ಶಿಕ್ಷಕಿ ನನ್ನ ಕಡೆ ನೋಡದೆಯೇ ಅಂಗೈಯನ್ನು ಕೆಳಗೆ ಮಾಡಿ ಕೂರುವಂತೆ ಸನ್ನೆ ಮಾಡಿದರು. ಕೂತೆ. ಕಲ್ಲು ನನ್ನ ಕೈಯಲ್ಲೂ ಇರಲಿಲ್ಲ.

ಅಜ್ಜಿ ಕಲ್ಲನ್ನು ಬಾಗಿಲ ಕಡೆ ಚಾಚಿದರು.

“ತಗೋ ಇದನ್ನ,” ಎಂದರು. “ಆ ಮಾತು ನನ್ನ ಬಾಯಾಗ ತಿರುವುಮುರುವು ಆತು. ಅದು ನಾ ನಿನಗ ಹೇಳೂದಲ್ಲ. ನಾ ಹಾಕ್ಕೋಬೇಕಾದ್ದು. ನೀ ಬಡಸು. ಎಷ್ಟ ಇರಲಿ. ತಾಟ ಖಾಲಿ ಆಗೂತನಕ ನಾ ಇಲ್ಲಿಂದ ಏಳೂದಿಲ್ಲ.”

ಮಗಳು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದಳು. ಬಹಳ ಹೊತ್ತು ನಿಂತಳು ಎಂದು ದಿನಚರಿ ಹೇಳುತ್ತದೆ. ಒಂದೆರಡು ಉಸಿರಿನಷ್ಟು ಹೊತ್ತು ಎಂದು ನನ್ನ ನೆನಪು. ವಾಪಸು ಬಂದು, ಕೋಟು ತೆಗೆಯದೆ, ಕಲ್ಲು ತೆಗೆದುಕೊಂಡು ಕೂತಳು.

ಆಮೇಲೆ ಆಕೆ ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಆಕೆ ತಾಯಿಗೆ ಬಡಿಸಿದ್ದು. ಅಜ್ಜಿ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ಕೇಳಿದರು. ಅಳಲಿಲ್ಲ, ತಲೆತಗ್ಗಿಸಲಿಲ್ಲ, ಇಲ್ಲವೆನ್ನಲಿಲ್ಲ. ವೃತ್ತ ಮುಗಿಯುವ ಹೊತ್ತು ಮೀರಿತು. ಕಾರಿಡಾರಿನಲ್ಲಿ ಮುಂದಿನ ಗುಂಪಿನವರು ಬಂದು ಒಳಗೆ ಇಣುಕಿ ಹಿಂದೆ ಸರಿದರು. ಕೊನೆಗೆ ಮಗಳು ಕಲ್ಲನ್ನು ತಾಯಿಯ ಮಡಿಲಲ್ಲಿಟ್ಟು, “ಯಾಕೆ? ಅಷ್ಟು ಹೇಳು ಸಾಕು,” ಎಂದಳು.

“ಸಾಲ್ಯಾಗ ನಮ್ಮ ಬೆನ್ನ ಹಿಂದ ಒಬ್ಬರು ನಿಂತಿರ್ತಿದ್ರು,” ಎಂದರು ಅಜ್ಜಿ. “ತಾಟಿನಾಗ ಬಿಟ್ಟ ಕೂಸಿಗೆ ಮುಂದಿನ ಊಟ ಇಲ್ಲ. ನಾ ಬಿಡ್ತಿರಲಿಲ್ಲ. ನನ್ನ ತಂಗಿ ಬಿಡ್ತಿದ್ಲು. ಆಕಿ ಕಡ್ಡಿ ಆಗಿ ಹೋದ್ಲು. ಊರಿಗೆ ವಾಪಸ್ ಬಂದಾಕಿ ನಾನೊಬ್ಬಾಕಿನ. ನೀವಿಬ್ರೂ ತಾಟಿನ ಮುಂದ ಕುಂತಾಗ ನನ್ನ ಕಣ್ಣಿಗೆ ಆಕೀನ ಕಾಣ್ತಿದ್ಲು. ಈ ಮನ್ಯಾಗ ಯಾರೂ ನಿಂತಿಲ್ಲ, ಯಾರೂ ಊಟ ಕಸಗೊಳ್ಳೂದಿಲ್ಲ ಅಂತ ತಲಿಗೆ ಗೊತ್ತಿತ್ತು. ಮೈಗೆ ಗೊತ್ತಾಗಲಿಲ್ಲ.” ಕಲ್ಲನ್ನು ಅಂಗೈಗೆ ತೆಗೆದುಕೊಂಡು, “ಇದನ್ನ ನೆಪ ಅಂತ ಹೇಳಾಕತ್ತಿಲ್ಲ. ನೀ ಕೇಳಿದಿ, ಹೇಳಿದೆ,” ಎಂದರು.

“ನಿಂಗೆ ತಂಗಿ ಇದ್ಲಾ?” ಎಂದಳು ಮಗಳು.

“ಇದ್ಲು.”

ಶಿಕ್ಷಕಿ ಎದ್ದು ಚಿಪ್ಪಿನಲ್ಲಿ ಮತ್ತೆ ಸೊಪ್ಪಿಟ್ಟು ಹೊತ್ತಿಸಿದರು. ಈ ಸಲ ಮಗಳು ಕೈ ಚಾಚಿ ಹೊಗೆಯನ್ನು ಎಳೆದುಕೊಂಡಳು. ಮೊದಲು ತಲೆಗೋ ಎದೆಗೋ ಎಂದು ಗೊತ್ತಾಗದೆ ತಡವರಿಸಿದಳು. ಅಜ್ಜಿ ಎದುರಿನಿಂದಲೇ ತಮ್ಮ ಕೈಯಾಡಿಸಿ ತೋರಿಸಿದರು.

ಅಲ್ಲಿ ಏನು ಕೆಲಸ ಮಾಡಿತು ಎಂದು ನಾನು ಈಗಲೂ ಯೋಚಿಸುತ್ತೇನೆ. ನನ್ನ ತರಬೇತಿಯಲ್ಲಿ ಇದಕ್ಕೆ ಹೆಸರುಗಳಿವೆ. ಆದರೆ ಆ ಕಲ್ಲು, ಆ ಹೊಗೆ, ನನ್ನನ್ನು ಕೂರಿಸಿದ ಆ ಅಂಗೈ, ಇವು ಇಲ್ಲದಿದ್ದರೆ ನಾನು ಬಾಗಿಲಿನವರೆಗೆ ಓಡಿಹೋಗಿ ಒಂದು ನುಡಿಗಟ್ಟಿನ ಅರ್ಥ ವಿವರಿಸುತ್ತಿದ್ದೆ, ಆ ಹೊತ್ತಿಗೆ ಆಕೆ ಕಾರು ಹತ್ತಿರುತ್ತಿದ್ದಳು. ಅಷ್ಟು ಮಾತ್ರ ಖಚಿತವಾಗಿ ಹೇಳಬಲ್ಲೆ.

ನುಡಿಗಟ್ಟಿನ ಬಗ್ಗೆಯೂ ಯೋಚಿಸುತ್ತೇನೆ. ಅದನ್ನು ನಾನು ಹೆಚ್ಚಾಗಿ ಕೇಳಿದ್ದು ಅಮ್ಮನ ಬಾಯಲ್ಲಿ. ಮನೆಯೊಳಗೆ ಉರ್ದುವಿನಲ್ಲಿ ಮಾಫಿ ಕೇಳುತ್ತಿದ್ದರು. “ಹೊಟ್ಟ್ಯಾಗ ಹಾಕ್ಕೊರ್ರಿ ಅಕ್ಕಾರ” ಎನ್ನುವುದು ಓಣಿಗೆ ಮೀಸಲು. ನಾವು ಮಕ್ಕಳು ಜಗಳವಾಡಿಕೊಂಡು ಬಂದಾಗ, ತಪ್ಪು ಯಾರದೆಂದು ವಿಚಾರಿಸುವುದಕ್ಕೂ ಮೊದಲೇ ಮನೆ ಮಾಲೀಕರ ಕಟ್ಟೆಯ ಮುಂದೆ ನಿಂತು ಕೇಳಿಕೊಳ್ಳುತ್ತಿದ್ದರು. ಬಾಡಿಗೆಯವರು, ಆ ಓಣಿಯಲ್ಲಿ ನಮ್ಮ ಪೈಕಿ ಒಂದೇ ಮನೆ. ಹಾಗೆ ಕೇಳಿಕೊಂಡು ಒಳಗೆ ಬಂದ ಮೇಲೆ ಅಮ್ಮನ ಹೊಟ್ಟೆಯೊಳಗೆ ಏನಿರುತ್ತಿತ್ತು ಎಂದು ನಾನು ವಿಚಾರಿಸಿದ್ದಿಲ್ಲ. ತಾಯಿಯ ಒಡಲು, ಕರಗುವುದು, ಎಂದೆಲ್ಲ ನಾನು ವ್ಯಾನಿನಲ್ಲಿ ಕೊಟ್ಟ ವಿವರಣೆ ಎಲ್ಲಿಂದ ಬಂತೋ ಗೊತ್ತಿಲ್ಲ. ಅಮ್ಮನಿಂದಂತೂ ಅಲ್ಲ.

ಆ ಬುಧವಾರವೂ ಡ್ರೈವರ್ ಇರಲಿಲ್ಲ; ವೃತ್ತ ಮುಗಿದ ಮೇಲೆ ಕೇಂದ್ರದ ಪಾರ್ಕಿಂಗ್ ಲಾಟಿನಲ್ಲಿ ನಾನು ವ್ಯಾನಿನ ಬಾಗಿಲು ತೆರೆದು ಅಜ್ಜಿಗಾಗಿ ನಿಂತಿದ್ದೆ. ಅವರಿಬ್ಬರೂ ಮಗಳ ಕಾರಿನ ಹತ್ತಿರ ನಿಂತರು.

“ಇವತ್ತು ನನ್ನ ಜೊತೆ ಮನೆಗೆ ಬಾ. ಭಾನುವಾರ ವಾಪಸ್ ಬಿಡ್ತೀನಿ,” ಎಂದಳು ಮಗಳು. “ಆದ್ರೆ ಈಗ್ಲೇ ಹೇಳಿಬಿಡ್ತೀನಿ. ನಮ್ಮನೇಲಿ ಊಟ ಮಾಡ್ತಾ ಎಲ್ಲರೂ ಕಿರುಚಾಡ್ತಾರೆ. ಚಿಕ್ಕೋನು ತರಕಾರಿ ಪೂರ್ತಿ ಬಿಡ್ತಾನೆ. ನೀನು ಏನೂ ಅನ್ನೋ ಹಾಗಿಲ್ಲ.”

“ಪೂರ್ತಿ?”

“ಪೂರ್ತಿ.”

“ನಡುವ ಎದ್ದು ಹೊರಗ ಹೋಗಬಹುದೇನು?”

“ಹೋಗಬಹುದು.”

“ಹಂಗಾದ್ರ ಬರ್ತೀನಿ. ಮೊದಲ ನನ್ನ ಮನಿಗೆ ಹೋಗಿ ಗುಳಿಗಿ ತಗೋಬೇಕು.”

ಮುಂದಿನ ಬುಧವಾರ ಅಜ್ಜಿ ಪಕ್ಕದ ಕುರ್ಚಿಯಲ್ಲಿ ಕೂತು, ವೃತ್ತ ಶುರುವಾಗುವ ಮೊದಲು ನನ್ನ ಕಿವಿಯಲ್ಲಿ ಹೇಳಿದರು. ದಿನಕ್ಕೆ ಮೂರು ಹೊತ್ತೂ ಊಟದ ನಡುವೆ ಎದ್ದು ಹೊರಗೆ ಹೋಗಿ ನಿಂತಿದ್ದರಂತೆ. ಕಡೆಯ ದಿನ ಚಿಕ್ಕ ಮೊಮ್ಮಗ ಅಮ್ಮನನ್ನು ಕೇಳಿದನಂತೆ, ಅಜ್ಜಿ ಸಿಗರೇಟ್ ಸೇದ್ತಾಳಾ ಎಂದು.

“ಮಗಳು ಏನಂದ್ಲು?” ಎಂದು ಕೇಳಿದೆ.

“ಹೂಂ ಅಂದ್ಲು,” ಎಂದರು ಅಜ್ಜಿ. “ಬಿಡಾಕ ಹತ್ತ್ಯಾಳ, ತ್ರಾಸ ಆಗ್ತೈತಿ, ಸುಮ್ನ ಇರು, ಅಂದ್ಲು.”